ಜೂನ್ ಒಂದನೆಯ ತಾರೀಖು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ಜನ್ಮದಿನ ಜೂನ್ 1. ಸುವರ್ಣ ಮಹೋತ್ಸವಕ್ಕೆ ಬಂದು ಸೇರುವವರು ತಮ್ಮತಮ್ಮಲ್ಲಿ ಕೇಳಿಕೊಂಡರೆ ಈ ಮಾತಿನ ಸತ್ಯ ತಿಳಿದೀತು. ಅದು ಗ್ರಹಗತಿಯ ವಿಶೇಷವಲ್ಲ, ನನ್ನ ಲೇಖನಿಯ ಕೆಲಸ. ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಆಗ್ರಹಪಡಿಸಿದಾಗ, ಶಾಲೆಯ ಏಳಿಗೆಯನ್ನು ವರ್ಣಿಸಲು ಬೇಕಾದಷ್ಟು ಜನ ಸಮರ್ಥರಿರುವರೆಂದು ತಿಳಿದು, ನಾನು ಈ ಒಂದು ಸಂಗತಿಯನ್ನೇ ಆರಿಸಿಕೊಂಡೆ.

ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯಲು ವಿಜಾಪುರ, ಬೆಳಗಾವಿ ಜಿಲ್ಲೆಗಳಿಂದ ಬಂದ ಕುಟುಂಬಗಳ ಮಕ್ಕಳೇ ನಮ್ಮ ಶಾಲೆಯ ಮೊದಲ ಸಂಪತ್ತು. ಆ ತಾಯಿತಂದೆಗಳಲ್ಲಿ ಮಗುವಿನ ಜನನದ ದಾಖಲೆ ತಂದವರು ವಿರಳ. ಒಬ್ಬಳು ಬರಗಾಲ ಹೇಳುವಳು, ಇನ್ನೊಬ್ಬಳು ಊರ ಜಾತ್ರೆ ಹೇಳುವಳು. ಜೂನಿಗೆ ಆರು ವರ್ಷ ತುಂಬಿರದಿದ್ದರೆ ಹುಡುಗನನ್ನು ಮರಳಿ ಕಳುಹಬೇಕು. ಮರಳಿ ಹೋದವನು ಮುಂದಿನ ವರ್ಷದ ಹೊತ್ತಿಗೆ ಮಗ್ಗದ ಕೈಗೆಲಸಕ್ಕೆ ಸೇರಿಬಿಡುತ್ತಿದ್ದ. ಆದ್ದರಿಂದ ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಜೂನ್ 1 ಎಂದು ಬರೆದು ಸೇರಿಸಿಕೊಳ್ಳುತ್ತಿದ್ದೆ. ಇದನ್ನು ಪುಣ್ಯದ ಕೆಲಸವೆಂದೇ ಬಹುಕಾಲ ನಂಬಿದ್ದೆ.

ನನ್ನ ಮೊಮ್ಮಗಳು ಕೊಲ್ಹಾಪುರದಲ್ಲಿ ಕಾಯದೆ ಓದುತ್ತಿದ್ದಾಳೆ. ಕೊನೆಯ ವರ್ಷದವರು ವಕೀಲರ ಕೈಕೆಳಗೆ ಕೆಲಸ ಕಲಿಯಬೇಕು. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ 39-ಎ ಅನುಚ್ಛೇದವು 1976ರಲ್ಲಿಯೇ ಸಂವಿಧಾನದಲ್ಲಿ ಸೇರಿದೆಯಷ್ಟೆ. ಆ ನೆರವಿನ ಒಬ್ಬ ವಕೀಲರು, ತಮಗೆ ಅನ್ಯಾಯವಾಗಿ ಶಿಕ್ಷೆಯಾಗಿದೆಯೆಂದು ಹೇಳುವ ಕಳಂಬಾ ಜೈಲಿನ ಕೈದಿಗಳ ಹಳೆಯ ಕಡತಗಳನ್ನು ಓದಿ ಟಿಪ್ಪಣಿ ಬರೆಯುವ ಕೆಲಸವನ್ನು ಇವಳಿಗೆ ಒಪ್ಪಿಸಿದ್ದರು. ಫಿರ್ಯಾದಿ, ಪಂಚನಾಮೆ, ದೋಷಾರೋಪಪಟ್ಟಿ, ಸಾಕ್ಷಿಗಳ ಹೇಳಿಕೆ, ತೀರ್ಪು, ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು, ಒಂದು ಕಾಗದದ ಮಾತು ಇನ್ನೊಂದಕ್ಕೆ ಎಲ್ಲಿ ಹೊಂದುವುದಿಲ್ಲವೆಂದು ನೋಡುವುದೇ ಆ ಕೆಲಸ. ನಾವು ಉತ್ತರಪತ್ರಿಕೆ ತಿದ್ದುವಂತೆ. ಆದರೆ ಇಲ್ಲಿ ತಪ್ಪು ಸಿಕ್ಕರೆ ಸಂತೋಷ.

ಕಳೆದ ದೀಪಾವಳಿಯ ರಜೆಗೆ ಗಡಹಿಂಗ್ಲಜಕ್ಕೆ ಬಂದವಳು ಒಂದು ಕಡತದ ನಕಲನ್ನು ನನ್ನ ಮುಂದಿಟ್ಟಳು. 2006ರ ಜುಲೈ ತಿಂಗಳ ಒಂದು ಕೊಲೆ, ಜೀವಾವಧಿ ಶಿಕ್ಷೆ. ಬಂಧನದ ಕಾಗದದಲ್ಲಿ ವಯಸ್ಸು ಅಂದಾಜು 20, ನ್ಯಾಯಾಲಯದ ಹೇಳಿಕೆಯಲ್ಲಿ 19. ಮರಾಠಿಯಲ್ಲಿ ಬರೆದ ಆ ಹೇಳಿಕೆಯ ಕೆಳಗೆ ಕನ್ನಡದ ಸಹಿ.

"ಅಜ್ಜಾ, ಈ ಸಹಿ ಓದ್ರಿ. ಇಂವ ನಿಮ್ಮ ಸಾಲ್ಯಾಗ ಕಲ್ತಾನಂತ."

ಅಕ್ಷರದ ಬಾಲಗಳನ್ನು ನೋಡಿದೊಡನೆ ಅದು ನಮ್ಮ ಶಾಲೆಯ ಕಾಪಿ ಬರವಣಿಗೆಯೆಂದು ಗುರುತು ಹತ್ತಿತು. ಹೆಸರನ್ನು ಇಲ್ಲಿ ಹೇಳಲಾರೆ.

ಆಗ ಅವಳು ಪುಣೆಯ ಒಂದು ಪ್ರಕರಣ ಹೇಳಿದಳು. 1994ರ ಆಗಸ್ಟ್ 26ರಂದು ಅಲ್ಲಿ ಐವರು ಹೆಂಗಸರೂ ಇಬ್ಬರು ಮಕ್ಕಳೂ ಕೊಲೆಯಾದರು. ರಾಜಸ್ಥಾನದ ಒಬ್ಬನಿಗೆ 1998ರಲ್ಲಿ ಮರಣದಂಡನೆಯಾಯಿತು, 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಖಾಯಂ ಮಾಡಿತು. ಆದರೆ ಬಿಕಾನೇರ ಜಿಲ್ಲೆಯ ಹಳ್ಳಿಯ ಶಾಲೆಯ ರಜಿಸ್ಟರಿನಲ್ಲಿ ಆತನ ಜನ್ಮದಿನ 1982ರ ಫೆಬ್ರವರಿ 1 ಎಂದಿತ್ತು. ಅಂದರೆ ಕೃತ್ಯದ ದಿನ ಅವನಿಗೆ ಹನ್ನೆರಡೂವರೆ ವರ್ಷ! ಜೈಲಿನ ಕಾಗದದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಎರಡೂ ಒಬ್ಬನವೇ ಎಂದು ವಿಚಾರಣೆಯಲ್ಲಿ ಸಿದ್ಧವಾಗಿ, 2023ರ ಮಾರ್ಚ್ 27ರಂದು ಅವನ ಬಿಡುಗಡೆಗೆ ಆಜ್ಞೆಯಾಯಿತು. ಅಷ್ಟರಲ್ಲಿ ಇಪ್ಪತ್ತೆಂಟು ವರ್ಷಕ್ಕೂ ಮೇಲ್ಪಟ್ಟು ಒಳಗಿದ್ದ. ಎಂದೋ ಒಬ್ಬ ಹಳ್ಳಿಯ ಮಾಸ್ತರರು ಬರೆದಿಟ್ಟ ಒಂದು ಸಾಲು! ಕೇಳಿ ನನ್ನ ಎದೆ ಉಬ್ಬಿತು. 2015ರ ಬಾಲನ್ಯಾಯ ಕಾಯದೆಯ 94ನೆಯ ಕಲಮಿನಂತೆ ವಯಸ್ಸಿಗೆ ಮೊದಲ ಆಧಾರ ಶಾಲೆಯ ದಾಖಲೆ; ಊರಿನ ಜನನ ದಾಖಲೆಯೂ ವೈದ್ಯರ ಎಲುಬಿನ ಪರೀಕ್ಷೆಯೂ ಆಮೇಲೆ. ಈ ತಕರಾರನ್ನು ಪ್ರಕರಣ ಮುಗಿದ ಮೇಲೂ ಎತ್ತಬಹುದು.

ಮರುವಾರವೇ ಇಚಲಕರಂಜಿಗೆ ಹೋದೆವು. ಈಗಿನ ಮುಖ್ಯಾಧ್ಯಾಪಕರು ಆದರದಿಂದ ಕಪಾಟು ತೆರೆಸಿದರು. 1994ರ ಜನರಲ್ ರಜಿಸ್ಟರಿನಲ್ಲಿ ಅವನ ಹೆಸರು ಸಿಕ್ಕಿತು. ನನ್ನದೇ ಅಕ್ಷರ. ಜನ್ಮ ದಿನಾಂಕ: 1-6-1988.

ಮೊಮ್ಮಗಳು ಬೆರಳು ಮಡಿಚಿ ಎಣಿಸಿ ಸುಮ್ಮನಾದಳು. ಕೃತ್ಯದ ದಿನ ಹದಿನೆಂಟು ತುಂಬಿ ಒಂದು ತಿಂಗಳ ಮೇಲಾಗಿತ್ತು. ಹದಿನೆಂಟರೊಳಗಿದ್ದರೆ ಹೆಚ್ಚೆಂದರೆ ಮೂರು ವರ್ಷ ಸುಧಾರಣಾ ಗೃಹದಲ್ಲಿಡಬಹುದಿತ್ತು. ಅವನು ಹತ್ತೊಂಬತ್ತು ವರ್ಷದಿಂದ ಒಳಗಿದ್ದಾನೆ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಸಾಲಿನ ತುದಿಗೆ ಷರಾ ಕಲಮಿನಲ್ಲಿ, ಪೆನ್ಸಿಲಿನಿಂದ, ಅರ್ಧ ಅಳಿಸಿದ ಮಾತು: ‘ಸೀಗಿ ಹು. ಮರುದಿನ - ತಾಯಿ’. ಪಾಲಕರು ಹೇಳಿದ್ದನ್ನು ಹೀಗೆ ಗುರುತು ಹಾಕಿಡುವ ಅಭ್ಯಾಸ ಒಂದಾನೊಂದು ಕಾಲಕ್ಕೆ ನನಗಿತ್ತು, ಮರೆತೇಬಿಟ್ಟಿದ್ದೆ. 1988ರ ಸೀಗಿ ಹುಣ್ಣಿಮೆ ಬಿದ್ದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ಹಾಗಾದರೆ ಹದಿನೆಂಟಕ್ಕೆ ಇನ್ನೂ ಮೂರು ತಿಂಗಳು ಬಾಕಿ ಇತ್ತು. ಆ ಐದು ತಿಂಗಳನ್ನು ಅವನ ವಯಸ್ಸಿಗೆ ಕೂಡಿಸಿದವನು ನಾನು.

ಪೆನ್ಸಿಲಿನ ಗುರುತನ್ನು ನ್ಯಾಯಾಲಯ ಒಪ್ಪುವುದೆಂಬ ಭರವಸೆಯನ್ನು ವಕೀಲರು ಕೊಡಲಿಲ್ಲ. ಶಾಯಿಯೂ ನನ್ನದೇ, ಪೆನ್ಸಿಲೂ ನನ್ನದೇ. ಯಾವುದನ್ನು ನಂಬಬೇಕೆಂದು ಎದುರಿನವರು ಕೇಳದಿರುವರೇ? ಆ ತಾಯಿ ಈಗ ಇಲ್ಲ. ಮೊಮ್ಮಗಳು ಸಿಂದಗಿ ತಾಲೂಕಿನ ಅವರ ಮೂಲ ಊರಿನ ಜನನ ನೋಂದಣಿ ಹುಡುಕಲು ಹೊರಟಿದ್ದಾಳೆ. ನಾನು ಬರೆದ ದಿನಾಂಕ ಊಹೆಯದೆಂದು ಪ್ರತಿಜ್ಞಾಪತ್ರ ಕೊಡುವುದು ನನ್ನ ಪಾಲಿಗೆ ಬಂತು. ಎಪ್ಪತ್ತು ದಾಟಿದವರು ಇದನ್ನೆಲ್ಲ ಮೈಮೇಲೆ ಎಳೆದುಕೊಳ್ಳುವುದೇಕೆಂದು ಮನೆಯಲ್ಲಿ ಕೇಳಿದರು. ಉತ್ತರ ಕೊಡಲಿಲ್ಲ.

ಗಡಹಿಂಗ್ಲಜದ ಕಚೇರಿಯ ಮುಂದೆ ಟೈಪು ಮಾಡುವ ಹುಡುಗ ಮರಾಠಿಯವನು. ಸೀಗಿ ಹುಣ್ಣಿಮೆ ಎಂಬಲ್ಲಿ ಕೈ ನಿಲ್ಲಿಸಿ, ಹಾಗೆಂದರೇನೆಂದು ಕೇಳಿದ.

"ಕೋಜಾಗಿರಿ" ಎಂದೆ.

ತಿಳಿಯಿತೆಂದು ತಲೆಯಾಡಿಸಿ ಮುಂದಿನ ಸಾಲು ಹೇಳಿರೆಂದ.