ದಣಿವಿನ ದಿನಗಳು

ಪರೀಕ್ಷೆಯಲ್ಲಿ ನಪಾಸಾದವನಿಗೆ ಮುಂದಿನ ವರ್ಷವಾದರೂ ಇದೆ. ನಂಬಿಕೆಯಲ್ಲಿ ದಣಿದವನಿಗೆ ಏನಿದೆ? ಕಳೆದ ವರ್ಷ ಈ ಪ್ರಶ್ನೆ ನನ್ನನ್ನು ಬಹುವಾಗಿ ಕಾಡಿತು. ಮಿತ್ರರೊಡನೆ ಹೇಳಿಕೊಳ್ಳಲು ಸಂಕೋಚಪಟ್ಟು ಸುಮ್ಮನಿದ್ದೆ. ಈಗ ವಾರ್ಷಿಕ ಸಂಚಿಕೆಯ ನೆವದಿಂದ ಹೇಳುತ್ತಿದ್ದೇನೆ.

ನಮ್ಮದು ಬೆಟಗೇರಿಯ ಒಂದು ಕ್ರೈಸ್ತ ಕುಟುಂಬ. ರಾತ್ರಿ ಊಟವಾದ ಮೇಲೆ ಎಲ್ಲರೂ ಕೂಡಿ ವೇದಭಾಗವನ್ನು ಓದಿ ಪ್ರಾರ್ಥಿಸುವುದು ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಅವ್ವ ಹಾಸಿಗೆ ಹಿಡಿದಾಗ ಎಂಟು ತಿಂಗಳು ನಾನು ಮೊಣಕಾಲೂರಿ ಬೇಡಿಕೊಂಡೆ. ಶ್ರಾವಣದ ಮಳೆಯಲ್ಲಿ ಆಕೆ ತೀರಿಕೊಂಡಳು. ದೇವರ ಮೇಲೆ ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟಿನಲ್ಲಿ ಮಾತಾದರೂ ಇರುತ್ತದೆ. ನನಗೆ ಬಂದುದು ಬರಿಯ ದಣಿವು. ಭಾನುವಾರ ದೇವಾಲಯಕ್ಕೆ ಹೋಗುತ್ತಿದ್ದೆ. ಕೀರ್ತನೆಯ ಪುಸ್ತಕ ತೆರೆದಿರುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಇದು ಕಪಟವಲ್ಲವೇ ಎಂದು ನನ್ನನ್ನು ನಾನೇ ಹಳಿದುಕೊಂಡೆ.

ಕಡೆಗೊಂದು ದಿನ ಸಭಾಪಾಲಕರ ಮನೆಗೆ ಹೋಗಿ, "ಅಯ್ಯನವರ, ನನಗ ಇನ್ನ ಪ್ರಾರ್ಥನಾ ಮಾಡಲಿಕ್ಕೆ ಆಗೂದಿಲ್ರಿ" ಎಂದೆ. ದೊಡ್ಡ ಉಪದೇಶವನ್ನೇ ನಿರೀಕ್ಷಿಸಿದ್ದೆ. ಅವರು, "ಊಟ ಸರಿಯಾಗಿ ಮಾಡ್ತೀಯೇನಪಾ? ರಾತ್ರಿ ನಿದ್ದಿ ಬರ್ತದೇನು?" ಎಂದು ಕೇಳಿದರು. ಬಳಿಕ ಎಲೀಯನ ಕಥೆಯನ್ನು ಇನ್ನೊಮ್ಮೆ ಓದಿ ನೋಡೆಂದರು.

ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳೆದುರು ಒಬ್ಬನೇ ನಿಂತು ಗೆದ್ದ ಧೀರ. ಆದರೆ ರಾಣಿ ಈಜೆಬೆಲಳ ಬೆದರಿಕೆ ಬಂದೊಡನೆ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ಸಾವಾದರೂ ಬರಲೆಂದು ಬೇಡಿದ. ದೇವರು ಅವನನ್ನು ಗದರಿಸಲಿಲ್ಲ. ಅವನು ಮಲಗಿ ನಿದ್ರಿಸಿದ. ದೇವದೂತನು ಎಬ್ಬಿಸಿ ಕೆಂಡದಲ್ಲಿ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟ. ಹೀಗೆ ಎರಡು ಸಲ. ಆಮೇಲೆಯೇ ಹೋರೇಬ್ ಬೆಟ್ಟದವರೆಗೆ ನಾಲ್ವತ್ತು ದಿನದ ನಡಿಗೆ. ತಾನೊಬ್ಬನೇ ಉಳಿದೆನೆಂದು ಅಲ್ಲಿ ಆತ ಗೋಳಾಡಿದಾಗ, ಬಾಳನಿಗೆ ಅಡ್ಡಬೀಳದವರು ಇನ್ನೂ 7000 ಮಂದಿ ಇದ್ದಾರೆಂದು ತಿಳಿಯಿತು.

ಇದನ್ನು ಓದುವಾಗ ನನಗೆ ನಮ್ಮ ಓಣಿಯ ನೇಕಾರರ ಮನೆಯ ಅಕ್ಕನ ನೆನಪಾಯಿತು. ಅವರು ನಮ್ಮ ಮತದವರಲ್ಲ. ಆದರೂ ಅವ್ವ ಹೋದ ಮೇಲೆ ಒಂದು ತಿಂಗಳು ಸಂಜೆ ಸಂಜೆ ಜೋಳದ ರೊಟ್ಟಿ ತಂದುಕೊಟ್ಟಿದ್ದರು. ದೇವರು ಮೌನವಾಗಿದ್ದಾನೆಂದು ದೂರುತ್ತ ನಾನು ಆ ರೊಟ್ಟಿಯನ್ನೇ ತಿಂದಿದ್ದೆ!

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಅನೇಕರು ಬೆರಗಾದರಂತೆ. ಕಲ್ಕತ್ತೆಯಲ್ಲಿ ದಿಕ್ಕಿಲ್ಲದವರನ್ನು ಎತ್ತಿ ಆರೈಕೆ ಮಾಡಿದ ಆ ತಾಯಿ ದಶಕಗಳ ಕಾಲ ತಮ್ಮೊಳಗೆ ಕತ್ತಲೆಯನ್ನೇ ಕಂಡಿದ್ದರು. ಆದರೂ ಪ್ರಾರ್ಥನೆಯನ್ನಾಗಲಿ ಸೇವೆಯನ್ನಾಗಲಿ ಬಿಡಲಿಲ್ಲ. ಅದನ್ನು ಕಪಟವೆಂದು ಕರೆಯಲು ಯಾರಿಗೆ ಬಾಯಿ ಬಂದೀತು?

ಹೀಗಿರಲು ಒಂದು ರಾತ್ರಿ ಅಪ್ಪ ಎಂದಿನಂತೆ ಕರ್ತನ ಪ್ರಾರ್ಥನೆಯನ್ನು ಆರಂಭಿಸಿದರು. ದೇವರ ಚಿತ್ತವು ನೆರವೇರಲೆಂಬ ಮಾತಿನ ಹತ್ತಿರ ಬಂದಾಗ ಅವರ ದನಿ ನಿಂತುಹೋಯಿತು. ಅಪ್ಪನೂ ದಣಿದಿದ್ದಾರೆಂಬುದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ತಂಗಿ ನನ್ನ ಮುಖ ನೋಡಿದಳು. ಎಷ್ಟೋ ತಿಂಗಳಿಂದ ಮುಚ್ಚಿದ್ದ ಬಾಯಿ ತೆರೆದು ಆ ಮಾತನ್ನು ನಾನು ಹೇಳಿದೆ. ನನಗೆ ಆಗ ದೊಡ್ಡ ನಂಬಿಕೆಯೇನೂ ಇರಲಿಲ್ಲ. ಅಪ್ಪನಿಗೆ ದನಿ ಬೇಕಾಗಿತ್ತು, ಅಷ್ಟೆ. ತಂಗಿ ಜೊತೆಗೂಡಿದಳು. ಕೊನೆಯ 'ಆಮೆನ್' ಅಪ್ಪನೇ ಅಂದರು.

ದಣಿವು ಈಗ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಕೆಲವು ಭಾನುವಾರ ಇಂದಿಗೂ ಹಾಡು ಗಂಟಲಲ್ಲೇ ಉಳಿಯುತ್ತದೆ. ಆಗ ಪಕ್ಕದವರು ಹಾಡುತ್ತಾರೆ. ಅವರು ದಣಿದ ದಿನ ನಾನು ಹಾಡಿದರಾಯಿತು.