ಗಮನದ ಉಳಿಕೆ

ಮೊಬೈಲ್‌ಗೆ ಬಂದ ಸಂದೇಶವೊಂದನ್ನು ನೋಡಿ ಕೆಳಗಿಡಲು ಹತ್ತು ಸೆಕೆಂಡು ಸಾಕಾದರೂ, ಅದರಿಂದಾಗುವ ನಷ್ಟ ಆ ಹತ್ತು ಸೆಕೆಂಡಿಗೇ ಮುಗಿಯುವುದಿಲ್ಲ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ‘ಗಮನದ ಉಳಿಕೆ’ ಎಂದು ಗುರುತಿಸಿದರು. ಅಂದರೆ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೊರಳಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುವ ಸ್ಥಿತಿ. ಪಿಯುಸಿ ವಿದ್ಯಾರ್ಥಿಯೊಬ್ಬ ಗಣಿತದ ಲೆಕ್ಕದ ಮೂರನೆಯ ಸಾಲಿನಲ್ಲಿದ್ದಾಗ, ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಟೆಸ್ಟ್ ಇದೆಯಾ?’ ಎಂಬ ಪ್ರಶ್ನೆಯನ್ನು ಕಂಡು, ಯಾರೂ ಉತ್ತರಿಸುವ ಮೊದಲೇ ಪುಸ್ತಕಕ್ಕೆ ಮರಳಿದರೆ, ಕಣ್ಣು ಲೆಕ್ಕದ ಮೇಲಿದ್ದರೂ ಮನಸ್ಸು ಆ ಉತ್ತರಕ್ಕೆ ಕಾಯುತ್ತಲೇ ಇರುತ್ತದೆ. ಅವನನ್ನು ಸೋಮಾರಿಯೆಂದು ಗದರಿಸುವುದು ಅನ್ಯಾಯ.

ನೋಟಿಫಿಕೇಶನ್ ನಿಲ್ಲಿಸುವುದು ಮೊದಲ ಹೆಜ್ಜೆಯೇನೋ ಹೌದು. ಆದರೆ ಕಚೇರಿಯ ಕರೆ, ಮನೆಯವರ ಕರೆ ಎಂದು ಅದನ್ನು ನಿಲ್ಲಿಸಲಾಗದವರೇ ಹೆಚ್ಚು. ಅಂಥವರಿಗೆ ಲೆರಾಯ್ ಮತ್ತು ಥೆರೆಸಾ ಗ್ಲಾಂಬ್ 2018ರಲ್ಲಿ ತೋರಿಸಿದ ಉಪಾಯ ಒದಗಬಲ್ಲದು: ಕೆಲಸ ಬಿಟ್ಟೇಳುವ ಮುನ್ನ ಅದು ಎಲ್ಲಿಗೆ ನಿಂತಿತು, ಮರಳಿದಾಗ ಮಾಡಬೇಕಾದುದೇನು ಎಂಬುದನ್ನು ಚುಟುಕಾಗಿ ಬರೆದಿಟ್ಟರೆ ಈ ಉಳಿಕೆ ತಗ್ಗುತ್ತದೆ. ಹೀಗೆ ಮಾಡಿ ನೋಡಿದವರು ತಮ್ಮ ಅನುಭವವನ್ನು ಇಲ್ಲಿ ಹಂಚಿಕೊಂಡರೆ ಉಳಿದವರಿಗೂ ಉಪಯೋಗವಾದೀತು.