ಅಪ್ಪನ ಗೋಡೆ

“ಎಲ್ಲಾ ಚೆನ್ನಾಗಿದೆ ಮೇಡಂ, ಈ ಗೋಡೆ ಒಂದಕ್ಕೆ ಐವರಿ ಹೊಡೆಸಿಬಿಡಿ. ಇದನ್ನ ನೋಡಿದ್ರೆ ಬಾಡಿಗೆಗೆ ಬರೋರು ಹಿಂದೆ ಸರೀತಾರೆ” ಎಂದ ಬ್ರೋಕರ್.

ಅವನು ಕೈ ತೋರಿಸಿದ್ದು ನಮ್ಮ ಹಾಲಿನ ಗೋಡೆಗೆ. ನವಿಲಿನ ಕತ್ತಿನ ನೀಲಿ, ಬುಡದಲ್ಲಿ ಗೇಣಗಲದ ಕುಂಕುಮದ ಕೆಂಪು ಪಟ್ಟಿ. ಹನುಮಂತನಗರದ 20-30ರ ಸೈಟಿನಲ್ಲಿ ಕಟ್ಟಿದ ಈ ಮನೆಗೆ ನಾವು ಬಂದದ್ದು 2003ರಲ್ಲಿ. ಬಾಗಿಲು ತೆರೆದಿದ್ದರೆ ಆ ನೀಲಿ ರಸ್ತೆಗೇ ಕಾಣುತ್ತಿತ್ತು. ಯಾರಾದರೂ ಕೇಳಿದರೆ ಅಪ್ಪ, “ನನ್ನ ಐಡಿಯಾ, ಹೇಗಿದೆ?” ಎಂದು ನಗುತ್ತಿದ್ದರು.

ಅಪ್ಪ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಕುಟುಂಬ ಪಿಂಚಣಿ ಸಾಲದು, ನನ್ನ ಫೆಲೋಶಿಪ್ ಹೇಳಿದ ತಿಂಗಳಿಗೆ ಬರುವುದಿಲ್ಲ. ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಅಮ್ಮ ಮೇಲಿನ ಒಂದು ರೂಮಿನ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ನಾನು ಎಲ್ಲಕ್ಕೂ ಹ್ಞೂಂ ಅಂದಿದ್ದೆ. ಗೋಡೆಯ ವಿಷಯ ಬಂದಾಗ ಮಾತ್ರ ಆಗಲಿಲ್ಲ.

ನನ್ನ ಪಿಎಚ್‌ಡಿ ವಿಷಯವೇ ಬೆಂಗಳೂರಿನ ಬಡಾವಣೆಗಳ ಮನೆಗಳು. 1898ರ ಪ್ಲೇಗಿನ ನಂತರ ತುಂಬಿಕೊಂಡ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳನ್ನು ಹುಡುಕಿಕೊಂಡು ತಿರುಗಿದ್ದೇನೆ. ಅಲ್ಲಿ ಬಣ್ಣ ಯಾರೂ ಧೈರ್ಯ ಮಾಡಿ ಆರಿಸಿದ್ದಲ್ಲ, ಕೆಲಸದ ಜೊತೆಗೆ ಬಂದದ್ದು. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿದರೆ ಬಿಳುಪು ಏರುತ್ತದೆ. ಕೈ ಜಾರಿ ಹೆಚ್ಚಾದರೆ ಗೋಡೆಯೇ ತಿಳಿನೀಲಿ. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ, ದಿನಗಟ್ಟಲೆ ನೀರು ನಿಲ್ಲಿಸಿದರೆ ಕಾಲಿಗೆ ತಣ್ಣಗಿರುವ ಕೆಂಪು ನೆಲ. ಕಿಟಕಿಗೆ ಹಸಿರು. ಐವರಿ, ಆಫ್‌ವೈಟ್‌ಗಳು ಹೆಚ್ಚಾದದ್ದು ಮನೆಯೆಂದರೆ ಮಾರುವ, ಬಾಡಿಗೆಗೆ ಕೊಡುವ ವಸ್ತು ಎಂಬ ಲೆಕ್ಕ ಗಟ್ಟಿಯಾದ ಮೇಲೆ ಎಂದು ನನಗನ್ನಿಸುತ್ತದೆ. ಆ ಬಣ್ಣ ಇವತ್ತು ಇರುವವರಿಗಲ್ಲ, ನಾಳೆ ಬರುವವರಿಗೆ.

ಇದನ್ನೆಲ್ಲ ಅಮ್ಮನ ಮುಂದೆ ಭಾಷಣದಂತೆ ಒಪ್ಪಿಸಿದೆ. ಸಾಲದ್ದಕ್ಕೆ ಲ್ಯಾಪ್‌ಟಾಪ್ ತೆಗೆದು ಮೆಕ್ಸಿಕೋದ ಲೂಯಿಸ್ ಬರಗಾನ್ ಕಟ್ಟಿದ ಮನೆಗಳನ್ನೂ ತೋರಿಸಿದೆ. ಮೆಕ್ಸಿಕೋ ನಗರದಲ್ಲಿ ಅವನು 1948ರಲ್ಲಿ ಕಟ್ಟಿಕೊಂಡ ಸ್ವಂತ ಮನೆ ಬೀದಿಯಿಂದ ನೋಡಿದರೆ ಬಣ್ಣಗೆಟ್ಟ ಸಪ್ಪೆ ಗೋಡೆ. ಬಣ್ಣವೆಲ್ಲ ಒಳಗೆ, ತಾರಸಿಯ ಮೇಲೆ. 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಪ್ಪಿನಲ್ಲಿ ಅವನು ಕಟ್ಟಿದ ಗಿಲಾರ್ಡಿ ಮನೆಯ ಅಂಗಳದಲ್ಲಿ ಒಂದು ಜಕರಂಡ ಮರವಿದೆ, ನಮ್ಮ ಬೆಂಗಳೂರಿನ ರಸ್ತೆಗಳಲ್ಲಿ ಬೇಸಿಗೆಗೆ ನೇರಳೆ ಹೂ ಚೆಲ್ಲುವ ಅದೇ ಮರ. ಅದನ್ನು ಕಡಿಯದೆ ಉಳಿಸಿಕೊಂಡು ಮನೆ ಕಟ್ಟಿದ್ದಾನೆ. ಒಳಗಿನ ಕೊಳದ ನೀರಿನಲ್ಲಿ ಒಂದು ಕೆಂಪು ಗೋಡೆಗಂಬ ನಿಂತಿದೆ. ಅದು ಸೂರನ್ನು ಹೊರಲು ಇಟ್ಟದ್ದಲ್ಲ, ಬಣ್ಣಕ್ಕಾಗಿ, ಬೆಳಕಿಗಾಗಿ ಇಟ್ಟದ್ದು.

“ನೋಡಮ್ಮ, ಇಂಥದ್ದನ್ನ ಅಪ್ಪ ಏನೂ ಓದದೇನೇ ಮಾಡಿದ್ರು. ಅಪ್ಪನ ಗೋಡೆಗೆ ಸುಣ್ಣ ಬಳಿಯೋದು ಬೇಡ” ಅಂದೆ.

ಅಮ್ಮ ಅವರೆಕಾಳು ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಅಪ್ಪನ ಗೋಡೆ ಅಂತ ಯಾರ್ ಹೇಳಿದ್ರೇ ನಿಂಗೆ?”

ಆಗ ಅಮ್ಮ ಸೀರೆಗೆ ಫಾಲ್ಸ್ ಹಾಕುತ್ತಿದ್ದಳು, ಕುಚ್ಚು ಕಟ್ಟುತ್ತಿದ್ದಳು. ಫಾಲ್ಸ್ ತೆಗೆಯಲು ಸೀರೆಯ ಬಣ್ಣಕ್ಕೆ ಬಣ್ಣ ಹೊಂದಿಸಬೇಕು. ಆ ಕಣ್ಣು ಅವಳಿಗಿತ್ತು. ಯಾರೋ ಒಬ್ಬರು ನೀಲಿ ಒಡಲಿನ, ಕೆಂಪು ಅಂಚಿನ ಇಳಕಲ್ ಸೀರೆ ಕೊಟ್ಟು ಹೋದರಂತೆ. ಎರಡು ದಿನ ಅದು ನಮ್ಮ ಮನೆಯಲ್ಲಿತ್ತು. ಮಿಕ್ಕ ಫಾಲ್ಸ್ ತುಂಡನ್ನು ಅಮ್ಮ ಪರ್ಸಿನಲ್ಲಿಟ್ಟುಕೊಂಡು ಪೇಂಟ್ ಅಂಗಡಿಗೆ ಹೋಗಿ, ಇದೇ ಬಣ್ಣ ಬೇಕು ಎಂದಳು. ಮಾಮೂಲಿ ಬಣ್ಣಕ್ಕಿಂತ ಹೆಚ್ಚಾದ ದುಡ್ಡನ್ನು ಫಾಲ್ಸಿನ ದುಡ್ಡಿನಿಂದಲೇ ಕೊಟ್ಟಳು.

“ಅಂಥಾ ಸೀರೆ ತಗೊಳೋಕೆ ನಮಗೆಲ್ಲಿ ಆಗ್ತಿತ್ತು? ಅದಕ್ಕೆ ಗೋಡೆಗೆ ಉಡಿಸಿದೆ.”

“ಮತ್ತೆ ಅಪ್ಪ ನನ್ನ ಐಡಿಯಾ ಅಂತಿದ್ರು?”

“ಗೃಹಪ್ರವೇಶದ ದಿನ ನಿಮ್ಮಜ್ಜಿ ನೋಡಿ, ಇದೇನು ಮನೇನೋ ನಾಟಕದ ಪರದೇನೋ ಅಂದ್ರು. ಸೊಸೆ ಕೆಲಸ ಅಂತ ಗೊತ್ತಾಗಿದ್ರೆ ಅವತ್ತೇ ಸುಣ್ಣ ಬಳಿಸ್ತಿದ್ರು. ನಿಮ್ಮಪ್ಪ ತಟ್ಟನೆ ನನ್ನ ಐಡಿಯಾ ಅಮ್ಮ ಅಂದ್ರು. ಮಗ ಅಂದ್ಮೇಲೆ ಅವರೂ ಸುಮ್ಮನಾದ್ರು.” ಸ್ವಲ್ಪ ಹೊತ್ತು ಬಿಟ್ಟು, “ಹಾಗೆ ಹೇಳ್ತಾ ಹೇಳ್ತಾ ಅವರಿಗೇ ನಿಜ ಅನ್ನಿಸಿಬಿಡ್ತು ಕಣೇ. ನಾನೂ ಬಿಟ್ಟೆ” ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಇರಲೇ ಇಲ್ಲ ಎಂದು ಹೇಳಲೂ ನನಗೆ ಧೈರ್ಯವಿಲ್ಲ.

ಆ ರಾತ್ರಿ ಕ್ಷೇತ್ರಕಾರ್ಯದ ಫೈಲು ತೆಗೆದು ಕೂತೆ. ನನ್ನ ಪ್ರಶ್ನಾವಳಿಯ ಮೊದಲ ಪ್ರಶ್ನೆ, “ಈ ಮನೆ ಕಟ್ಟಿಸಿದವರು ಯಾರು?” ಉತ್ತರದ ಸಾಲಿನಲ್ಲೆಲ್ಲ ಗಂಡಸರ ಹೆಸರು. ಆ ನೆಲ, ಆ ಗೋಡೆ, ಆ ಕಿಟಕಿಯ ಹಸಿರು ಯಾರು ಆರಿಸಿದ್ದು ಎಂದು ನಾನು ಎಲ್ಲೂ ಕೇಳಿರಲಿಲ್ಲ. ಕಾಫಿ ತಂದಿಟ್ಟು ಒಳಗೆ ಹೋದವರನ್ನು ಕೂರಿಸಿಕೊಳ್ಳಲೂ ಇಲ್ಲ. ಬರಗಾನ್‌ನ ಬಣ್ಣಗಳ ಹಿಂದೆ ಅವನ ಗೆಳೆಯ, ಚಿತ್ರಕಾರ ಚೂಚೊ ರೆಯೆಸ್‌ನ ಕಣ್ಣಿತ್ತು ಎಂಬುದನ್ನು ಓದಿ ಅಡಿಗೆರೆ ಹಾಕಿಕೊಂಡಿದ್ದ ನನಗೆ, ಇಪ್ಪತ್ತು ವರ್ಷ ಒರಗಿ ಕೂತ ಗೋಡೆಯ ಹಿಂದೆ ಯಾರಿದ್ದಾರೆಂದು ಕೇಳಬೇಕು ಅನ್ನಿಸಿರಲಿಲ್ಲ. ಈಗ ಆ ಮನೆಗಳಿಗೆ ಮತ್ತೆ ಹೋಗುತ್ತಿದ್ದೇನೆ. ಪ್ರಬಂಧ ಒಂದು ವರ್ಷವಾದರೂ ತಡವಾಗುತ್ತದೆ.

ಮರುದಿನ ನಾನು ಗೋಡೆ ಉಳಿಸೋಣ ಎಂದು ಇನ್ನೂ ಜೋರಾಗಿ ಹಿಡಿದೆ. ಈಗ ಅದು ಅಮ್ಮನ ಗೋಡೆ. ಅಮ್ಮ ಒಪ್ಪಲಿಲ್ಲ. “ನಂಗೆ ಬಾಡಿಗೆ ಬೇಕು” ಅಂದಳು. ಪೇಂಟರ್ ಬಂದು ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹಾಕಿ, ಎರಡು ಕೋಟು ಐವರಿ ಹೊಡೆದ. ಒಳಗಿನ ನೀಲಿ ಇನ್ನೂ ಮಬ್ಬಾಗಿ ಇಣುಕುತ್ತಿತ್ತು. “ಇನ್ನೊಂದು ಕೋಟು ಹೊಡಿಯಪ್ಪ” ಎಂದಳು ಅಮ್ಮ. ಅವನು ಹೊಡೆದ.

ಸಂಜೆ ಅವನು ಬಕೆಟ್ ತೊಳೆಯುವಾಗ ಅಮ್ಮ ಪರ್ಸಿನಿಂದ ಒಂದು ಬಟ್ಟೆಯ ತುಂಡು ತೆಗೆದಳು. ನೀಲಿಯಿರಬಹುದು ಎಂದುಕೊಂಡೆ. ಅಲ್ಲ, ಚೆಂಡುಹೂವಿನ ಹಳದಿ.

“ಮೇಲಿನ ರೂಮಿಗೆ ಇದು. ನಾಲ್ಕೂ ಗೋಡೆಗೆ” ಎಂದಳು. “ಯಾರಾದ್ರೂ ಕೇಳಿದ್ರೆ ನಾನೇ ಹೇಳ್ತೀನಿ.”